ಅಂಗಡಿಯಲ್ಲಿ ಕೂಡುತ್ತದೆ, ಮನೆಯಲ್ಲಿ ಕೂಡುವುದಿಲ್ಲ: ಒಂದು ಸ್ಮಾರ್ಟ್‌ವಾಚಿನ ಪ್ರಕರಣ

ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಮೇಷ್ಟ್ರು ಬಂದು ಮೆಟ್ಟಿಲ ಮೇಲೆ ನಿಂತರು. ತಿಪಟೂರಿನಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು ಗಿರಾಕಿಯಾಗಿ ಬಂದರೆ ಈಗಲೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತೇನೆ. ಅವರು ಎಡಗೈ ಮುಂದೆ ಮಾಡಿದರು. ಮಣಿಕಟ್ಟಿನಲ್ಲಿ ಚೌಕ ಮುಖದ ಕಪ್ಪು ಸ್ಮಾರ್ಟ್‌ವಾಚು.

“ನೋಡಮ್ಮ, ಇದೂ ಫೋನೂ ಮಾತು ಬಿಟ್ಟಿವೆ.”

ಹೋದ ವರ್ಷ ಮೇಷ್ಟ್ರಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ತುಮಕೂರಿಗೆ ತೋರಿಸಲು ಹೋದಾಗಲೆಲ್ಲ ಡಾಕ್ಟರು ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಕೇಳುತ್ತಾರೆ. ‘ಸುಮಾರಾಗಿ ನಡೀತೀನಿ’ ಅನ್ನುವ ಉತ್ತರ ಮೇಷ್ಟ್ರಿಗೇ ಸಮಾಧಾನ ಕೊಡುತ್ತಿರಲಿಲ್ಲ. ಬೆಂಗಳೂರಿನ ಮಗಳು ಗಣೇಶನ ಹಬ್ಬಕ್ಕೆ ಈ ವಾಚು ತಂದುಕೊಟ್ಟಳು, ಮೊಮ್ಮಗ ಫೋನಿಗೆ ಜೋಡಿಸಿಕೊಟ್ಟ. ಅಂದಿನಿಂದ ಪ್ರತಿ ರಾತ್ರಿ ಎಂಟಕ್ಕೆ ಆಪ್ ತೆರೆದು, ಎಷ್ಟು ಹೆಜ್ಜೆ, ಬೆಳಗಿನ ನಡಿಗೆ ಎಷ್ಟು ನಿಮಿಷ, ನಾಡಿ ಎಷ್ಟು ಎಂದು ನೋಡಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಕಿನ ಎದುರು ಬರೆದಿಡುವುದು ಅವರ ರೂಢಿ. ವಾಚಿನ ಮುಖದ ಮೇಲೂ ಹೆಜ್ಜೆ ಕಾಣುತ್ತದೆ, ಆದರೆ ಆ ದಿನದ್ದು ಮಾತ್ರ, ಮಧ್ಯರಾತ್ರಿ ಸೊನ್ನೆಯಾಗಿಬಿಡುತ್ತದೆ. ಅಕ್ಷರವೂ ಸಣ್ಣದು, ಅವರ ಕನ್ನಡಕಕ್ಕೆ ಸಿಗುವುದಿಲ್ಲ. ಬರುವ ಗುರುವಾರ ಡಾಕ್ಟರ ಬಳಿ ಹೋಗಬೇಕಿತ್ತು. ಪುಸ್ತಕದಲ್ಲಿ ಹಿಂದಿನ ಬುಧವಾರದ ಕೆಳಗೆ ಖಾಲಿ.

‘ವಾಚು ಸಿಂಕ್ ಆಗ್ತಿಲ್ಲ’, ಅಂದರೆ ವಾಚಿನ ಲೆಕ್ಕ ಫೋನಿಗೆ ಇಳಿಯುತ್ತಿಲ್ಲ, ಎಂದು ವಾರಕ್ಕೆ ಮೂರು ನಾಲ್ಕು ಜನ ಬರುತ್ತಾರೆ. ಬಹಳಷ್ಟು ಹತ್ತು ನಿಮಿಷದ ಕೆಲಸ. ಇದು ಹಾಗಿರಲಿಲ್ಲ. ವಾಚಿನಲ್ಲಿ ದೋಷವಿರಲಿಲ್ಲ, ಫೋನಿನಲ್ಲಿ ದೋಷವಿರಲಿಲ್ಲ, ಆಪ್ ಕೂಡ ಸರಿಯಾಗಿಯೇ ಇತ್ತು. ಆದರೂ ಒಬ್ಬ ಹೃದ್ರೋಗಿಯ ಲೆಕ್ಕ ಕಳೆದುಹೋಗುತ್ತಿತ್ತು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಮೇಷ್ಟ್ರು ಹೇಳಿದ ಲಕ್ಷಣ. ಆಪ್ ತೆರೆದರೆ ಮೇಲುಗಡೆ ‘ಕನೆಕ್ಟಿಂಗ್’ ಎಂದು ಸುತ್ತುತ್ತಲೇ ಇರುತ್ತದೆ, ಸ್ವಲ್ಪ ಹೊತ್ತಿಗೆ ‘ಡಿವೈಸ್ ಸಿಗಲಿಲ್ಲ’ ಎನ್ನುತ್ತದೆ. “ಆದರೆ ಕಾಲ್ ಬಂದರೆ ವಾಚೂ ಹೊಡ್ಕೊಳ್ಳುತ್ತೆ. ವಾಚಿನಲ್ಲೇ ಮಾತೂ ಆಡಬಹುದು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕನೆಕ್ಟೆಡ್ ಅಂತಲೇ ಇದೆ. ಆಪ್ ಒಂದು ಮಾತ್ರ ಇಲ್ಲ ಅನ್ನುತ್ತೆ. ನಾನು ಯಾರನ್ನ ನಂಬಲಿ?”

ಎರಡನ್ನೂ ನಂಬಬೇಕು. ಕಾಲ್ ಸೌಲಭ್ಯವಿರುವ ಇಂಥ ವಾಚುಗಳೊಳಗೆ ಎರಡು ಬಗೆಯ ಬ್ಲೂಟೂತ್ ಇರುತ್ತದೆ. ಒಂದು ಹಳೆಯ ಬಗೆ, ಕ್ಲಾಸಿಕ್. ದನಿ ಹೊರುವುದು ಅದರ ಕೆಲಸ; ಕಾರಿನ ಸ್ಪೀಕರಿನಲ್ಲಿ ಕಾಲ್ ಕೇಳಿಸುವುದೂ ಅದರಿಂದಲೇ. ಇನ್ನೊಂದು 2010ರಲ್ಲಿ ಬ್ಲೂಟೂತ್ 4.0ರ ಜೊತೆ ಬಂದ ಲೋ ಎನರ್ಜಿ, ನಾವು ಬಿಎಲ್‌ಇ ಅನ್ನುತ್ತೇವೆ. ಹೆಜ್ಜೆ, ನಾಡಿ, ನಿದ್ದೆ, ಮೆಸೇಜು, ಗಂಟೆ ಸರಿಮಾಡುವುದು, ಇವೆಲ್ಲ ಸಾಗುವುದು ಈ ದಾರಿಯಲ್ಲಿ. ಕಮ್ಮಿ ಕರೆಂಟು ತಿನ್ನುತ್ತದೆ, ಅದಕ್ಕೇ ಗುಂಡಿಯಷ್ಟು ಬ್ಯಾಟರಿಯಲ್ಲೂ ವಾಚು ದಿನಗಟ್ಟಲೆ ನಡೆಯುತ್ತದೆ. ಕ್ಲಾಸಿಕ್ ಕೊಂಡಿಯನ್ನು ಫೋನೇ ನೋಡಿಕೊಳ್ಳುತ್ತದೆ. ಬಿಎಲ್‌ಇ ಕೊಂಡಿಯನ್ನು ಹಿಡಿದುಕೊಂಡಿರುವುದು ಆಪ್. ಹಾಗಾಗಿ ಕಾಲ್ ಬರುತ್ತದೆ ಎಂದ ಮಾತ್ರಕ್ಕೆ ಸಿಂಕ್ ಕೊಂಡಿ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರು ಎರಡು ಸಲ ಕಂಡು, ಯಾವುದೋ ಒಂದನ್ನು ಒತ್ತಿ ‘ಕನೆಕ್ಟ್ ಆಯ್ತಲ್ಲ’ ಎಂದು ಜಗಳಕ್ಕೆ ಬರುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಮೇಷ್ಟ್ರು ಗುರುವಾರ, ಶುಕ್ರವಾರ ತಾವೇ ಫೋನು, ವಾಚು ಎರಡನ್ನೂ ಆರಿಸಿ ಹಚ್ಚಿ ನೋಡಿದ್ದರು. ಶನಿವಾರ ಹನ್ನೊಂದರ ಹೊತ್ತಿಗೆ ಪೇಟೆಯ ಇನ್ನೊಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಆಪ್ ತೆಗೆದು ಮತ್ತೆ ಹಾಕಿ, ವಾಚನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಜೋಡಿಸಿದರು. ಕೂಡಿತು. ಮನೆಗೆ ಬಂದು ರಾತ್ರಿ ಎಂಟಕ್ಕೆ ನೋಡಿದರೆ ಮತ್ತೆ ಅದೇ ಕಥೆ.

ರೀಸೆಟ್ ಅನ್ನುವ ಮಾತು ಕೇಳಿ ನನಗೆ ಸಂಕಟವಾಯಿತು. ಸಿಂಕ್ ಆಗದೆ ಉಳಿದ ದಿನಗಳ ಲೆಕ್ಕ ಇರುವ ಜಾಗ ವಾಚಿನ ಹೊಟ್ಟೆಯೊಂದೇ. ಈ ವಾಚಿನ ಕೈಪಿಡಿಯ ಪ್ರಕಾರ ಏಳು ದಿನದ್ದು ಅದರಲ್ಲಿ ಉಳಿಯುತ್ತದೆ. ರೀಸೆಟ್ ಮಾಡಿದರೆ ಮೊದಲು ಹೋಗುವುದೇ ಅದು. ಗುರುವಾರ, ಶುಕ್ರವಾರ, ಶನಿವಾರ ಬೆಳಗಿನ ನಡಿಗೆ, ಮೂರೂ ಹೋಗಿದ್ದವು. ರೀಸೆಟ್ ಅನ್ನು ಕೊನೆಯ ಮದ್ದಾಗಿ ಇಟ್ಟುಕೊಳ್ಳಬೇಕು. ನಮ್ಮ ಕಸುಬಿನಲ್ಲಿ ಅದನ್ನು ಮೊದಲ ಮದ್ದು ಮಾಡಿಬಿಟ್ಟಿದ್ದೇವೆ. ರೀಸೆಟ್ ಮಾಡಿದ ಮೇಲೆ ದೋಷ ಎಲ್ಲಿತ್ತು ಅನ್ನುವ ಗುರುತೂ ಉಳಿಯುವುದಿಲ್ಲ.

ಅವರನ್ನು ಕೂರಿಸಿ ಫೋನು ಇಸಕೊಂಡು ಆಪ್ ತೆರೆದೆ. ಎಂಟು ಹತ್ತು ಸೆಕೆಂಡ್ ಸುತ್ತಿತು, ವಾಚು ಒಮ್ಮೆ ನಡುಗಿತು, ಕೂಡಿಕೊಂಡಿತು. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗಿನದು ನನ್ನ ಕಣ್ಣೆದುರೇ ತುಂಬಿತು. ಮೇಷ್ಟ್ರ ಮುಖ ಅರಳಿತು. ನನಗೆ ಮಾತ್ರ ನೆಮ್ಮದಿಯಾಗಲಿಲ್ಲ. ಏನೂ ಮಾಡದೆ ಸರಿಹೋದದ್ದು ಏನೂ ಮಾಡದೆ ಕೆಡುತ್ತದೆ.

ಹಾಗಾಗಿ ಇರಬೇಕಾದದ್ದೆಲ್ಲ ಇದೆಯೋ ನೋಡಿದೆ. ಅವರ ಫೋನು ಆಂಡ್ರಾಯ್ಡ್ 13. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ, ಹತ್ತಿರದ ಬ್ಲೂಟೂತ್ ಸಾಧನ ಹುಡುಕಲು ‘ನಿಯರ್‌ಬೈ ಡಿವೈಸಸ್’ ಎನ್ನುವ ಅನುಮತಿ ಬೇಕು; ಕೊಟ್ಟಿತ್ತು. ಅದಕ್ಕಿಂತ ಹಳೆಯ ಫೋನುಗಳಲ್ಲಿ ಲೊಕೇಶನ್ ಅನುಮತಿ ಇಲ್ಲದಿದ್ದರೆ ಹುಡುಕಾಟವೇ ಆಗುವುದಿಲ್ಲ. ‘ನನ್ನ ಜಾಗ ಇವರಿಗ್ಯಾಕೆ’ ಎಂದು ಜನ ಅದನ್ನು ತೆಗೆದುಹಾಕಿ ವಾಚು ಹಾಳಾಯಿತು ಎಂದು ತರುತ್ತಾರೆ. ಇಲ್ಲಿ ಎರಡೂ ಸರಿಯಿತ್ತು. ಆಪ್ ಪ್ಲೇ ಸ್ಟೋರಿನದೇ, ಹೊಸ ಆವೃತ್ತಿಯೇ. ಬ್ಯಾಟರಿ ವಿಭಾಗದಲ್ಲಿ ಮಾತ್ರ ಆ ಆಪ್‌ಗೆ ಹಿನ್ನೆಲೆಯಲ್ಲಿ ಓಡಲು ನಿರ್ಬಂಧವಿತ್ತು. ಅದೇ ಕಾರಣವಿರಬೇಕು ಎಂದುಕೊಂಡು ಬಿಡಿಸಿದೆ.

ಹೊರಡುವಾಗ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. “ಇದು ರಾತ್ರಿ ಎಂಟಕ್ಕೆ ಇಪ್ಪತ್ತು ಗಂಟೆ ಅಂತ ತೋರಿಸ್ತಾ ಇದೆಯಲ್ಲ, ಅದೊಂದು ಸರಿಮಾಡು.” ರೀಸೆಟ್ ಮಾಡಿದ್ದಕ್ಕೆ ಹಾಗಾಗಿದೆ, ಈಗ ಆಪ್ ಜೊತೆ ಕೂಡಿತಲ್ಲ, 12 ಗಂಟೆ ಲೆಕ್ಕಕ್ಕೆ ಬಂದಿದೆ ಎಂದು ಕಳಿಸಿದೆ. ಆ ಮಾತಿಗೆ ನಾನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

ರಾತ್ರಿ ಎಂಟೂವರೆಗೆ ಫೋನು. “ಇಲ್ಲ ಕಣಮ್ಮ, ಮತ್ತೆ ಸುತ್ತುತ್ತಾ ಕೂತಿದೆ.”

ಅಂಗಡಿಯಲ್ಲಿ ಎರಡು ಸಲ ಸರಿ, ಮನೆಯಲ್ಲಿ ಪ್ರತಿ ಸಲ ತಪ್ಪು. ಫೋನೂ ವಾಚೂ ಎರಡು ಕಡೆಯೂ ಅವೇ. ಬದಲಾದದ್ದು ಜಾಗ ಒಂದೇ. ಮನೆಯಲ್ಲಿ ಹೊಸದಾಗಿ ಏನಾದರೂ ಬಂದಿದೆಯಾ ಎಂದು ಕೇಳಿದೆ. ಬಂದಿತ್ತು: ಹೋದ ಮಂಗಳವಾರ ಫೈಬರ್ ಇಂಟರ್‌ನೆಟ್ ಹಾಕಿಸಿದ್ದರು, ರೌಟರ್ ನಡುಮನೆಯ ಟಿವಿ ಪಕ್ಕದಲ್ಲೇ. ತೊಂದರೆ ಕಂಡದ್ದು ಅದಾಗಿ ಎರಡು ದಿನಕ್ಕೆ. ತಾಳೆ ಎಷ್ಟು ಚೆನ್ನಾಗಿದೆ ಎಂದರೆ ಯಾರೂ ರೌಟರಿನ ಮೇಲೇ ಹೋಗುತ್ತಾರೆ. ವೈಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಓಡಾಡುವುದು ನಿಜ. ಆದರೆ ಬಿಎಲ್‌ಇ ರೂಪಿಸಿದವರು ಇದನ್ನು ಮುಂಚೆಯೇ ಯೋಚಿಸಿದ್ದರು. ಅದರ 40 ಚಾನೆಲ್‌ಗಳಲ್ಲಿ ಮೂರು, 37, 38, 39, ‘ನಾನಿಲ್ಲಿದ್ದೇನೆ’ ಎಂದು ಕೂಗಿ ಹೇಳುವುದಕ್ಕೆ ಮೀಸಲು. ಅವು ಕೂತಿರುವುದು 2402, 2426, 2480 ಮೆಗಾಹರ್ಟ್ಸ್‌ನಲ್ಲಿ. ವೈಫೈ ಹೆಚ್ಚಾಗಿ ಬಳಸುವ 1, 6, 11ನೇ ಚಾನೆಲ್‌ಗಳ ನಡುವೆ, ಅಂಚಿನಲ್ಲಿ ಉಳಿದ ಓಣಿಗಳಲ್ಲಿ ಜಾಗ ಮಾಡಿಕೊಂಡ ಹಾಗೆ. ವೈಫೈ ಗದ್ದಲದಿಂದ ಕೊಂಡಿ ಆಗೊಮ್ಮೆ ಈಗೊಮ್ಮೆ ಹರಿಯಬಹುದು. ಐದು ದಿನ ಒಮ್ಮೆಯೂ ಸಿಗದೆ ಹೋಗುವುದು ಕಷ್ಟ. ಆದರೂ ಅನುಮಾನ ಇಟ್ಟುಕೊಳ್ಳುವುದು ಬೇಡ ಎಂದು, ಫೋನಿನಲ್ಲೇ ರೌಟರಿನ ಸ್ವಿಚ್ ಆರಿಸಲು ಹೇಳಿ ಹತ್ತು ನಿಮಿಷ ಕಾದೆವು. ಏನೂ ವ್ಯತ್ಯಾಸವಾಗಲಿಲ್ಲ. ರೌಟರ್ ನಿರ್ದೋಷಿ.

ಮಂಗಳವಾರ ಮಧ್ಯಾಹ್ನ ಅವರು ಮತ್ತೆ ಬಂದರು. ಈ ಸಲ ನಾನು ಆಪ್ ತೆರೆಯುವ ಮೊದಲು ವಾಚನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದೆ. 15:10 ತೋರಿಸುತ್ತಿತ್ತು. ನಿನ್ನೆ ನನ್ನೆದುರೇ 12 ಗಂಟೆ ಲೆಕ್ಕಕ್ಕೆ ಬಂದಿದ್ದ ವಾಚು. ಆಮೇಲೆ ಯಾರೂ ರೀಸೆಟ್ ಮಾಡಿಲ್ಲ. ಆಪ್ ತೆರೆದೆ, ಎಂದಿನಂತೆ ಕೂಡಿತು, ಕೂಡಿದ ಗಳಿಗೆಯಲ್ಲೇ 15:10 ಅಳಿದು 3:10 ಬಂತು.

ಅಲ್ಲಿಗೆ ನನಗೆ ಹೊಳೆಯಿತು. ಇಂಥ ವಾಚಿಗೆ ಸ್ವಂತ ಇಷ್ಟವೆಂಬುದಿಲ್ಲ. ಗಂಟೆ ಎಷ್ಟು, ಯಾವ ಲೆಕ್ಕದಲ್ಲಿ ತೋರಿಸಬೇಕು ಎನ್ನುವುದನ್ನು ಆಪ್ ಹೇಳಿಕೊಡುತ್ತದೆ. ಮೇಷ್ಟ್ರ ಫೋನಿನಲ್ಲಿರುವುದು 12 ಗಂಟೆ ಲೆಕ್ಕ. ಹಾಗಾದರೆ ನಿನ್ನೆ ಬೆಳಿಗ್ಗೆಯಿಂದ ಇವತ್ತು ಮಧ್ಯಾಹ್ನದೊಳಗೆ ಇದಕ್ಕೆ 24 ಗಂಟೆ ಲೆಕ್ಕ ಹೇಳಿಕೊಟ್ಟವರು ಯಾರು? ಮನೆಯಲ್ಲಿ ಈ ವಾಚು ಯಾರಿಗೂ ಸಿಗುತ್ತಿಲ್ಲ ಎಂದು ನಾವು ತಿಳಿದುಕೊಂಡಿದ್ದೆವು. ಅದು ಯಾರಿಗೋ ಸಿಕ್ಕಿಯೇ ಇತ್ತು.

“ಮೇಷ್ಟ್ರೇ, ಈ ವಾಚನ್ನ ಬೇರೆ ಯಾರ ಫೋನಿಗಾದರೂ ಸೇರಿಸಿದ್ರಾ?”

“ಇಲ್ಲಮ್ಮ. ನಮ್ಮವಳದು ಗುಂಡಿ ಫೋನು. ನನ್ನದೊಂದೇ.”

ಮನೆಗೆ ಯಾರಾದರೂ ಬಂದಿದ್ದಾರೆಯೇ ಎಂದು ನಾನೂ ಕೇಳಲಿಲ್ಲ, ಅವರಿಗೂ ಹೇಳಬೇಕೆನಿಸಲಿಲ್ಲ. ಕೊಬ್ಬರಿ ಲಾರಿಗಳ ಗಲಾಟೆ ಬೇರೆ. ಅಂಗಡಿ ಮುಚ್ಚುವ ಮುಂಚೆಯೇ ಬರುತ್ತೇನೆ ಎಂದು ಹೇಳಿ ಕಳಿಸಿ, ಸಂಜೆ ಐದೂಮುಕ್ಕಾಲಿಗೆ ಅವರ ಮನೆಗೆ ಹೋದೆ.

ನನ್ನ ಫೋನಿನಲ್ಲಿ ಎನ್‌ಆರ್‌ಎಫ್ ಕನೆಕ್ಟ್ ಎಂಬ ಆಪ್ ಇದೆ. ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯದು, ಪುಕ್ಕಟೆ. ಸುತ್ತಮುತ್ತ ಕೂಗುತ್ತಿರುವ ಬಿಎಲ್‌ಇ ಸಾಧನಗಳನ್ನೆಲ್ಲ ಹೆಸರು, ವಿಳಾಸ (ಸಾಧನದ ಗುರುತಿನ ಸಂಖ್ಯೆ), ದನಿಯ ಬಲ ಸಮೇತ ಪಟ್ಟಿ ಮಾಡಿ ತೋರಿಸುತ್ತದೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಯಾರ ಜೊತೆಗೂ ಕೂಡದೆ ಖಾಲಿ ಇರುವ ವಾಚು ಸಂತೆಯಲ್ಲಿ ಕೂಗುವವರ ಹಾಗೆ ತನ್ನ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿರುತ್ತದೆ. ಒಂದು ಫೋನಿಗೆ ಕೂಡಿಕೊಂಡ ಮೇಲೆ ಇಂಥ ವಾಚು ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೇರೆ ಫೋನು ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ‘ಡಿವೈಸ್ ಸಿಗಲಿಲ್ಲ’ ಎಂಬ ಸಾಲಿನ ಹಿಂದೆ ಎರಡು ಅರ್ಥ ಇದೆ: ವಾಚು ಇಲ್ಲ ಎನ್ನುವುದು ಒಂದು, ವಾಚು ಇನ್ನೊಬ್ಬರ ಕೈ ಹಿಡಿದಿದೆ ಎನ್ನುವುದು ಇನ್ನೊಂದು. ಆಪ್‌ಗೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ, ಮೇಷ್ಟ್ರ ಆಪ್ ತೆರೆಯುವ ಮೊದಲು ಇದೇ ಪಟ್ಟಿಯಲ್ಲಿ ಅವರ ವಾಚು ಮೈನಸ್ 54ರ ಬಲದಲ್ಲಿ ಚೆನ್ನಾಗಿ ಕೂಗುತ್ತಿತ್ತು; ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ದನಿ ಜೋರು. ಅದರ ವಿಳಾಸದ ಕೊನೆಯ ನಾಲ್ಕು ಅಕ್ಷರ ಬರೆದಿಟ್ಟುಕೊಂಡಿದ್ದೆ. ವಾಚಿನ ‘ಎಬೌಟ್’ ಪುಟದಲ್ಲೂ ಅದೇ ವಿಳಾಸ ಇರುತ್ತದೆ. ಈಗ ಅವರ ನಡುಮನೆಯಲ್ಲಿ ವಾಚನ್ನು ಟೀಪಾಯಿ ಮೇಲಿಟ್ಟು ಅದರ ಪಕ್ಕದಲ್ಲೇ ನನ್ನ ಫೋನು ಇಟ್ಟೆ. ಟಿವಿ ಬಂತು. ಪಕ್ಕದ ಮನೆಯ ಯಾವುದೋ ಸ್ಪೀಕರ್ ಮೈನಸ್ 90ರಲ್ಲಿ ಬಂತು. ಒಂದು ಗೇಣು ದೂರದಲ್ಲಿರುವ ವಾಚು ಬರಲಿಲ್ಲ.

ಮೇಷ್ಟ್ರ ಫೋನನ್ನು ಒಳಗೇ ಬಿಟ್ಟು, ವಾಚನ್ನೂ ನನ್ನ ಫೋನನ್ನೂ ಹಿಡಿದು ಅಂಗಳ ದಾಟಿದೆ. ಗೇಟಿನ ಬಳಿ ಇಲ್ಲ. ಬೀದಿಗಿಳಿದು ಎದುರುಸಾಲಿನ ಹೊಂಗೆಮರದ ತನಕ ಹೋಗಿ ನಿಂತೆ. ಸ್ವಲ್ಪ ಹೊತ್ತು ಕಾದ ಮೇಲೆ ಪಟ್ಟಿಯಲ್ಲಿ ವಾಚು ಮೂಡಿತು, ಮೈನಸ್ 50. ಮತ್ತೆ ಗೇಟಿನ ಕಡೆ ನಡೆದೆ. ಜಗಲಿ ಮುಟ್ಟುವಷ್ಟರಲ್ಲಿ ಪಟ್ಟಿಯಿಂದ ಮಾಯ. ಅದನ್ನು ಹಿಡಿದುಕೊಂಡಿರುವುದು ಈ ಮನೆಯೊಳಗೇ ಇದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರಿಗೆ ಇದನ್ನು ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಅಂಗೈಯಲ್ಲಿದ್ದ ವಾಚು ಗುಂಯ್ ಎಂದು ನಡುಗಿತು. ಪರದೆ ಬೆಳಗಿತು. ಇಂಗ್ಲಿಷ್ ಅಕ್ಷರದಲ್ಲಿ ಒಂದು ವಾಟ್ಸಾಪ್ ಮೆಸೇಜು: ‘ಮಚ್ಚಾ ಎಲ್ಲಿದ್ದೀಯಾ, ನಾಳೆ ಮ್ಯಾಚ್ ಇದೆಯಾ?’

ತೋರಿಸಿದೆ. ಮೇಷ್ಟ್ರು ಕನ್ನಡಕ ಮೇಲೆತ್ತಿ ವಾಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಓ, ಇವಾ? ನಾಲ್ಕೈದು ದಿನದಿಂದ ಗುಂಯ್‌ಗುಟ್ಟುತ್ತೆ. ಅಕ್ಷರ ಕಾಣಲ್ಲ, ಕಂಪನಿ ಜಾಹೀರಾತು ಅಂದುಕೊಂಡು ಒರೆಸಿಬಿಡ್ತಿದ್ದೆ.”

ಒಳಗಿನಿಂದ ಅಮ್ಮ ಕಾಫಿ ಹಿಡಿದು ಬಂದರು. “ನಮ್ಮ ಹುಡುಗನಿಗಿರಬೇಕು ಕಣಮ್ಮ. ದಸರಾ ರಜೆಗೆ ಬಂದಿದಾನಲ್ಲ. ಬುಧವಾರ ರಾತ್ರಿ ಬಂದ, ಮಹಡಿ ಮೇಲಿದಾನೆ.”

ಬುಧವಾರ ರಾತ್ರಿ. ಮೇಷ್ಟ್ರ ಪುಸ್ತಕದ ಕೊನೆಯ ಸಾಲು ಬುಧವಾರ ರಾತ್ರಿ ಎಂಟಕ್ಕೆ ಬರೆದದ್ದು. ಹುಡುಗ ಬಂದದ್ದು ಹತ್ತಕ್ಕೆ.

ಅವನು ಮೊದಲ ಪಿಯುಸಿ. ಕರೆದು ಕೇಳಿದಾಗ ಅವನಿಗೂ ಆಶ್ಚರ್ಯ. “ಆಂಟಿ, ಗಣೇಶನ ಹಬ್ಬದಲ್ಲಿ ವಾಚು ತಂದಾಗ ಮೊದಲು ನನ್ನ ಫೋನಿಗೆ ಹಾಕಿ ಒಂದು ದಿನ ಟ್ರೈ ಮಾಡಿದ್ದೆ. ಆಮೇಲೆ ತಾತನ ಫೋನಿಗೆ ಹಾಕಿಕೊಟ್ಟೆ. ಆವತ್ತು ನನ್ನ ಬ್ಲೂಟೂತ್ ಆಫ್ ಮಾಡಿದ್ದೆ ಅಷ್ಟೇ.” ಅಷ್ಟೇ. ಅವನ ಆಪ್‌ನಲ್ಲಿ ವಾಚು ಹಾಗೇ ಉಳಿದುಕೊಂಡಿತ್ತು. ಬೆಂಗಳೂರಿಗೆ ಹೋದ ಮೇಲೆ ಇಯರ್‌ಬಡ್‌ಗಾಗಿ ಬ್ಲೂಟೂತ್ ಮತ್ತೆ ಹಚ್ಚಿದ, ಆರಿಸಲೇ ಇಲ್ಲ. ಅವನ ಆಪ್ ತಿಂಗಳಿಡೀ ಬೆಂಗಳೂರಿನಲ್ಲಿ ಈ ವಾಚಿಗಾಗಿ ಕಾಯುತ್ತಲೇ ಇತ್ತು. ತಿಪಟೂರಿನ ಮನೆಗೆ ಕಾಲಿಟ್ಟ ರಾತ್ರಿ ಸಿಕ್ಕಿಬಿಟ್ಟಿತು. ಅವನ ಫೋನಿನಲ್ಲಿ 24 ಗಂಟೆ ಲೆಕ್ಕ. ಇನ್ನೂ ಎರಡು ಮೂರು ತಿಂಗಳು ಕಳೆದು ಅವನು ಬಂದಿದ್ದರೆ ಈ ಪ್ರಕರಣವೇ ನಡೆಯುತ್ತಿರಲಿಲ್ಲವೇನೋ. ಬಹಳ ದಿನ ತೆರೆಯದ ಆಪ್‌ಗಳ ಅನುಮತಿಯನ್ನು 2020ರ ಆಂಡ್ರಾಯ್ಡ್ 11ರಿಂದ ಈಚೆಗೆ ಫೋನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಶನಿವಾರದ ರೀಸೆಟ್‌ನಿಂದ ಯಾಕೆ ಉಪಯೋಗವಾಗಲಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ರೀಸೆಟ್ ವಾಚಿನೊಳಗಿನ ಲೆಕ್ಕ ಅಳಿಸಿತು, ವಾಚಿನ ವಿಳಾಸ ಬದಲಿಸಲಿಲ್ಲ. ಹುಡುಗನ ಫೋನಿನಲ್ಲಿ ಆ ವಿಳಾಸ ನೆನಪಿತ್ತು. ಈ ವಾಚು ಗೊತ್ತಿರುವ ಆಪ್ ಯಾವ ಫೋನಿನಿಂದ ಕರೆದರೂ ಓಗೊಡುವ ಜಾತಿಯದು. ಎಲ್ಲ ವಾಚುಗಳೂ ಹೀಗಿಲ್ಲ. ಆ್ಯಪಲ್ ವಾಚು ಒಂದು ಐಫೋನಿಗೆ ಕಟ್ಟುಬಿದ್ದರೆ ಅಲ್ಲಿಂದ ಬಿಡಿಸುವವರೆಗೆ ಇನ್ನೊಂದಕ್ಕೆ ಹೋಗುವುದಿಲ್ಲ. ಗೂಗಲ್‌ನ ವೇರ್ ಓಎಸ್ ತಂತ್ರಾಂಶದ ವಾಚುಗಳನ್ನು 2023ರ ನಾಲ್ಕನೇ ಆವೃತ್ತಿ ಬರುವ ತನಕ ಹೊಸ ಫೋನಿಗೆ ಸೇರಿಸಬೇಕಾದರೆ ರೀಸೆಟ್ ಮಾಡಲೇಬೇಕಿತ್ತು. ಅಂಥ ವಾಚಾಗಿದ್ದರೆ ಮೊಮ್ಮಗನ ಫೋನು ನಡುವೆ ಬರಲು ಸಾಧ್ಯವೇ ಇರಲಿಲ್ಲ.

ಆದರೂ ನನಗೆ ಒಂದು ಗಂಟು ಉಳಿದಿತ್ತು. ಅಂಗಡಿಯಿಂದ ಮನೆಗೆ ಬರುವಾಗ ವಾಚು ಮೇಷ್ಟ್ರ ಕೈಯಲ್ಲಿತ್ತು, ಫೋನು ಜೇಬಿನಲ್ಲಿತ್ತು, ಎರಡೂ ಕೂಡಿಯೇ ಹೊರಟಿದ್ದವು. ಕೂಡಿರುವ ವಾಚು ಕೂಗುವುದಿಲ್ಲವಾದರೆ, ಹುಡುಗನ ಫೋನಿಗೆ ಅದು ಸಿಕ್ಕಿದ್ದು ಹೇಗೆ? ಮೇಷ್ಟ್ರಿಗೆ ಹೇಳಿದೆ, ದಿನಾ ರಾತ್ರಿ ನೀವು ಆಪ್ ನೋಡಿ ಆದ ಮೇಲೆ ಏನು ಮಾಡುತ್ತೀರೋ ಅದನ್ನೇ ನನ್ನೆದುರು ಮಾಡಿ ಎಂದು.

ಅವರು ಆಪ್‌ನಿಂದ ಹೊರಬಂದರು. ಕೆಳಗಿನ ಚೌಕದ ಗುರುತು ಒತ್ತಿದರು. ತೆರೆದಿದ್ದ ಕಿಟಕಿಗಳೆಲ್ಲ ಸಾಲಾಗಿ ಬಂದವು. ‘ಕ್ಲಿಯರ್ ಆಲ್’ ಒತ್ತಿ ಎಲ್ಲವನ್ನೂ ಗುಡಿಸಿದರು. “ಬ್ಯಾಟರಿ ಉಳಿಯುತ್ತೆ ಅಂತ ಫೋನು ತಗೊಂಡಾಗ ಹೇಳಿಕೊಟ್ಟಿದ್ರು. ಅಂಗಡಿಯಿಂದ ಹೊರಡೋವಾಗಲೂ ಇದೇ ಮಾಡ್ತೀನಿ. ಹೊರಡೋವಾಗ ಮನೆಯ ದೀಪ ಆರಿಸೋ ಹಾಗೆ.”

ಅಲ್ಲಿ ಗಂಟು ಬಿಚ್ಚಿಕೊಂಡಿತು. ಅವರ ಫೋನಿನಲ್ಲಿ ಹಾಗೆ ಗುಡಿಸಿದರೆ ಆಪ್ ಪೂರ್ತಿ ಸಾಯುತ್ತದೆ. ಆಪ್ ಸತ್ತರೆ ಅದು ಹಿಡಿದಿದ್ದ ಬಿಎಲ್‌ಇ ಕೊಂಡಿಯೂ ಬಿಟ್ಟುಹೋಗುತ್ತದೆ, ವಾಚು ಮತ್ತೆ ಕೂಗಲು ಶುರುಮಾಡುತ್ತದೆ. ಕ್ಲಾಸಿಕ್ ಕೊಂಡಿ ಫೋನಿನ ಕೈಯಲ್ಲಿರುವುದರಿಂದ ಕಾಲ್ ಮಾತ್ರ ಬರುತ್ತಲೇ ಇರುತ್ತದೆ. ತಿಂಗಳಿನಿಂದ ಅವರು ದಿನಾ ರಾತ್ರಿ ಕೊಂಡಿ ಬಿಡಿಸಿ, ಮರುದಿನ ರಾತ್ರಿ ಆಪ್ ತೆರೆದಾಗ ಹೊಸದಾಗಿ ಕೂಡಿಸುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಕಾಯುತ್ತಿರದಿದ್ದಾಗ ಅದು ಯಾರಿಗೂ ಗೊತ್ತಾಗಲಿಲ್ಲ. ನಾನು ಸೋಮವಾರ ಬ್ಯಾಟರಿ ನಿರ್ಬಂಧ ತೆಗೆದದ್ದು ಸರಿಯಾದ ಕೆಲಸವೇ; ಆದರೆ ಕೈಯಾರೆ ಗುಡಿಸಿ ಹಾಕಿದರೆ ಅದರಿಂದ ಏನೂ ಆಗುವುದಿಲ್ಲ. ಇದೇ ಕಾರಣಕ್ಕೆ ಅವರ ಸ್ವಂತ ಮೆಸೇಜುಗಳು ಒಂದು ದಿನವೂ ವಾಚಿಗೆ ಬಂದಿರಲಿಲ್ಲ. ವಾಚಿಗೆ ಮೆಸೇಜೂ ಬರುತ್ತದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಇನ್ನು ಸರಿಪಡಿಸಿದ್ದು. ಇಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಮುಖ್ಯ, ಅವಸರ ಮಾಡಿದರೆ ಉಳಿದದ್ದೂ ಹೋಗುತ್ತದೆ. ಹುಡುಗ ಒಳ್ಳೆಯ ಮನಸ್ಸಿನಿಂದ ಆಪ್ ತೆರೆದು, ವಾಚನ್ನು ಆಪ್‌ನಿಂದ ಬಿಡಿಸುವ ‘ಅನ್‌ಬೈಂಡ್’ ಒತ್ತಲು ಹೋದ. ತಡೆದೆ. ಕೆಲವು ಆಪ್‌ಗಳಲ್ಲಿ ಅನ್‌ಬೈಂಡ್ ಒತ್ತಿದರೆ ವಾಚು ತಾನಾಗಿ ರೀಸೆಟ್ ಆಗುತ್ತದೆ. ಫೋನಿನಲ್ಲಿರುವ ಹಳೆಯ ಲೆಕ್ಕವೂ ಅಳಿಯಬಹುದು. ಮೊದಲು ಅವನ ಬ್ಲೂಟೂತ್ ಮಾತ್ರ ಆರಿಸಿಸಿದೆ. ನನ್ನ ಪಟ್ಟಿಯಲ್ಲಿ ವಾಚು ಕೂಡಲೇ ಮೂಡಿತು. ಮೇಷ್ಟ್ರ ಆಪ್ ತೆರೆದೆವು, ಮನೆಯೊಳಗೇ, ಅದೇ ಸೋಫಾದ ಮೇಲೆ ಕೂಡಿತು. ವಾಚಿನಲ್ಲಿದ್ದದ್ದೆಲ್ಲ ಅವರ ಫೋನಿಗೆ ಇಳಿಯುವವರೆಗೆ ಕಾದೆವು.

ಆಮೇಲೆ ಹುಡುಗನ ಆಪ್‌ನಲ್ಲಿ ದಿನಗಳ ಪುಟ ತೆರೆದೆ. ರೀಸೆಟ್‌ನಿಂದ ಹೋಯಿತು ಎಂದು ನಾನು ಕೈಬಿಟ್ಟಿದ್ದ ಲೆಕ್ಕ ಅಲ್ಲಿತ್ತು. ವಾಚು ಐದು ದಿನ ಅವನ ಫೋನಿಗೆ ಕೂಡಿಕೊಂಡಿತ್ತಲ್ಲ, ಅಷ್ಟು ದಿನವೂ ತಾತನ ಹೆಜ್ಜೆಗಳು ಮೊಮ್ಮಗನ ಹೆಸರಿನಲ್ಲಿ ಜಮೆಯಾಗಿದ್ದವು. ಗುರುವಾರ 5,812. ಶುಕ್ರವಾರ 6,047. ಎರಡೂ ಬೆಳಿಗ್ಗೆಯ ನಡಿಗೆ ಆರರಿಂದ ಏಳರೊಳಗೆ ಗೀಟು ಗೀಟಾಗಿ ಕಾಣುತ್ತಿತ್ತು. ಶನಿವಾರದ್ದು ಮಾತ್ರ ಕೆಟ್ಟಿತ್ತು: ರೀಸೆಟ್ ಆದ ಮೇಲೆ ವಾಚು ಸೊನ್ನೆಯಿಂದ ಎಣಿಸಿ ಕಳಿಸಿದ ಮೊತ್ತ ಬೆಳಗಿನ ಮೊತ್ತದ ಮೇಲೆ ಕೂತುಬಿಟ್ಟಿತ್ತು. ಪುಟಗಳ ಫೋಟೋ ತೆಗೆದುಕೊಂಡೆ.

ಅಷ್ಟಾದ ಮೇಲೆ ಅನ್‌ಬೈಂಡ್ ಮಾಡಿಸಿದೆ, ಅವನ ಬ್ಲೂಟೂತ್ ಪಟ್ಟಿಯಲ್ಲಿ ಉಳಿದಿದ್ದ ವಾಚಿನ ಹೆಸರನ್ನೂ ‘ಫರ್ಗೆಟ್’ ಮಾಡಿಸಿದೆ. ಮೇಷ್ಟ್ರ ಫೋನಿನಲ್ಲಿ ಆಪ್‌ಗೆ ಆಟೋಸ್ಟಾರ್ಟ್, ಅಂದರೆ ತಾನಾಗಿ ಶುರುವಾಗುವ ಅನುಮತಿ, ಕೊಟ್ಟು, ಕಿಟಕಿಗಳ ಸಾಲಿನಲ್ಲಿ ಅದಕ್ಕೊಂದು ಬೀಗದ ಗುರುತು ಹಾಕಿದೆ. ಇನ್ನು ‘ಕ್ಲಿಯರ್ ಆಲ್’ ಒತ್ತಿದರೂ ಅದು ಹೋಗುವುದಿಲ್ಲ. ಈ ಬೀಗದ ಸೌಲಭ್ಯ ಎಲ್ಲ ಫೋನಿನಲ್ಲೂ ಇರುವುದಿಲ್ಲ, ಇದರಲ್ಲಿತ್ತು. ಅವರ ರೂಢಿ ಬಿಡಿಸುವುದಕ್ಕಿಂತ ಬೀಗ ಹಾಕುವುದೇ ಮೇಲು ಎನಿಸಿತು.

ಸರಿಯಾಯಿತು ಎಂದು ಹೇಳುವ ಮೊದಲು ಅದು ಕೆಟ್ಟ ಪರಿಸ್ಥಿತಿಯನ್ನೇ ಮತ್ತೆ ಕಟ್ಟಿ ನೋಡಬೇಕು. ಎರಡು ದಿನ ಅಂಗಡಿಯಲ್ಲಿ ‘ಕೂಡಿತಲ್ಲ’ ಎಂದು ಕಳಿಸಿ ಪಾಠ ಕಲಿತಿದ್ದೆ. ಹುಡುಗನ ಬ್ಲೂಟೂತ್ ಮತ್ತೆ ಹಚ್ಚಿಸಿದೆ. ಎರಡೂ ಫೋನುಗಳನ್ನು ಟೀಪಾಯಿ ಮೇಲೆ ಪಕ್ಕಪಕ್ಕದಲ್ಲಿಟ್ಟೆವು. ಹುಡುಗ ವಾಚು ಕಟ್ಟಿಕೊಂಡು ಹೊಂಗೆಮರದಾಚೆಗೆ ಓಡಿ, ಐದು ನಿಮಿಷ ನಿಂತು, ವಾಪಸು ಬಂದ. ಮೂರು ಸಲ ಹೀಗೆ ಮಾಡಿದೆವು. ಮೂರು ಸಲವೂ ಯಾರೂ ಏನೂ ಒತ್ತದೆ ಮೇಷ್ಟ್ರ ಫೋನಿಗೇ ಕೂಡಿತು. ಕೊನೆಯ ಸಲ ಅವನು ಹೊರಗಿದ್ದಾಗ ಮೇಷ್ಟ್ರ ಕೈಯಲ್ಲೇ ‘ಕ್ಲಿಯರ್ ಆಲ್’ ಒತ್ತಿಸಿದ್ದೆ. ಬಾಗಿಲಿಗೆ ಬಂದವನೇ ಕೈ ಎತ್ತಿ ತೋರಿಸಿದ; ವಾಚಿನ ಮೇಲೆ 7:05 ಇತ್ತು, 19:05 ಅಲ್ಲ.

ಅಮ್ಮ ಎರಡನೇ ಸಲ ಕಾಫಿ ತಂದರು. ಮೇಷ್ಟ್ರು ಲೆಕ್ಕದ ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡರು. ನಾನು ಫೋಟೋ ನೋಡಿ ಓದಿದೆ, ಅವರು ಬರೆದರು. ಗುರುವಾರ, ಶುಕ್ರವಾರ. ಶನಿವಾರಕ್ಕೆ ಬಂದಾಗ, ಮಧ್ಯಾಹ್ನದಿಂದ ಆಚೆಗೆ 1,930 ಇದೆ, ಬೆಳಗಿನದೂ ಸೇರಿಸಿ ಅಂದಾಜು ಹಾಕೋಣವೇ ಎಂದು ಹುಡುಗ ಕೇಳಿದ.

“ಬೇಡಪ್ಪ. ಡಾಕ್ಟರಿಗೆ ತೋರಿಸೋ ಲೆಕ್ಕ,” ಎಂದರು. 1,930 ಎಂದು ಬರೆದು, ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬೆಳಗಿನದು ಇಲ್ಲ’ ಎಂದು ಸೇರಿಸಿದರು. ಆಮೇಲೆ ಭಾನುವಾರಕ್ಕೆ ಹೋದರು.